ಬಸುರಿ ಸೊಳ್ಳೆಗೆ ನಾಲ್ಕು ಕಪ್ಪು ಲೋಟ

ಇಲಿ ಬೋನಿಗೆ ಒಂದು ಸುಟ್ಟ ಕೊಬ್ಬರಿ ಚೂರು ಸಿಕ್ಕಿಸಿಟ್ಟರೆ ಸಾಕು, ರಾತ್ರಿ ಟಪ್ ಅಂತ ಸದ್ದು ಕೇಳುತ್ತೆ. ಸೊಳ್ಳೆ ಬೋನಿಗೆ ಏನು ಸಿಕ್ಕಿಸೋದು ಹೇಳಿ? ಅದಕ್ಕೆ ಬೇಕಾಗಿರೋದು ನಾವೇ!

ತಮಾಷೆ ಅಲ್ಲ ಸ್ವಾಮಿ. ಸೊಳ್ಳೆ ಬೋನು ಮಾಡಲು ಹೊರಟ ವಿಜ್ಞಾನಿಗಳೆಲ್ಲ ತಲೆ ಕೆಡಿಸಿಕೊಂಡಿರೋದು ಇದೇ ಪ್ರಶ್ನೆಗೆ. ಕಚ್ಚೋದು ಹೆಣ್ಣು ಸೊಳ್ಳೆ ಮಾತ್ರ ಅಂತ ನಿಮಗೆಲ್ಲ ಗೊತ್ತೇ ಇದೆ (ಈ ವಿಷಯದಲ್ಲಿ ಗಂಡಸರು ಹೊಡೆದ ಜೋಕು ಇಲ್ಲಿಗೆ ಸಾಕು). ಮೊಟ್ಟೆ ಬೆಳೆಸೋಕೆ ಆಕೆಗೆ ರಕ್ತ ಬೇಕು. ನಾವು ಬಿಡೋ ಉಸಿರಿನ ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ತೇಲಿಬಂತು ಅಂದ್ರೆ ಎಚ್ಚರಾಗಿ, ಗಾಳಿಗೆ ಎದುರಾಗಿ ಹಾರ್ತಾಳೆ. ಆಮೇಲೆ ಕಪ್ಪಗೆ ಕಾಣೋ ಆಕಾರ, ಇನ್ನೂ ಹತ್ತಿರ ಬಂದರೆ ಮೈಯ ಬಿಸಿ, ತೇವ, ಬೆವರಿನ ವಾಸನೆ.. ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ ನಮ್ಮ ಹಿಮ್ಮಡಿ ತಲುಪ್ತಾಳೆ. ಬಾರ್ಟ್ ನೋಲ್ಸ್ ಮತ್ತು ರೂರ್ಡ್ ಡಿ ಯಾಂಗ್ ಅನ್ನೋ ಡಚ್ ಸಂಶೋಧಕರಂತೂ ಆಫ್ರಿಕಾದ ಮಲೇರಿಯಾ ಸೊಳ್ಳೆಗೆ ಮನುಷ್ಯರ ಪಾದದ ವಾಸನೆ ಎಷ್ಟು ಇಷ್ಟವೋ, ಲಿಂಬರ್ಗರ್ ಅನ್ನೋ ಗಬ್ಬುನಾತದ ಚೀಸಿನ ವಾಸನೆಯೂ ಅಷ್ಟೇ ಇಷ್ಟ ಅಂತ ತೋರಿಸಿ, 2006ರಲ್ಲಿ ಇಗ್ ನೊಬೆಲ್ ಬಹುಮಾನ ಗಿಟ್ಟಿಸಿಕೊಂಡರು :)

ನಮ್ಮ ಮನೆಯಲ್ಲಿ ಭಾವ ತಂದುಕೊಟ್ಟ ಒಂದು ನೀಲಿ ದೀಪ ಇದೆ. ರಾತ್ರಿಯಿಡೀ ಚಟ್ ಚಟ್ ಅನ್ನುತ್ತೆ. ಕೇಳೋಕೆ ಏನೋ ಸಮಾಧಾನ. ಆದರೆ ಅಮೆರಿಕದ ಡೆಲವೇರ್‌ನಲ್ಲಿ ಇಂಥ ಕರೆಂಟ್ ದೀಪಗಳಿಗೆ ಸಿಕ್ಕು ಸತ್ತ ಹುಳಗಳನ್ನ ಕೂತು ಎಣಿಸಿದವರಿದ್ದಾರೆ. 1996ರಲ್ಲಿ ಪ್ರಕಟವಾದ ಲೆಕ್ಕ ಅದು. ಸತ್ತ 13,789 ಹುಳಗಳಲ್ಲಿ ಕಚ್ಚೋ ಜಾತಿಯವು ಬರೀ 31! ಉಳಿದವೆಲ್ಲ ಪಾಪದ ಹುಳಗಳು. ದೀಪದ ಪಕ್ಕದಲ್ಲೇ ಉಸಿರಾಡ್ತಾ ಕೂತ ಮನುಷ್ಯ ಇರುವಾಗ ಸೊಳ್ಳೆ ದೀಪ ನೋಡೋಕೆ ಯಾಕೆ ಹೋಗುತ್ತೆ? ಡೆಂಗಿ ಹರಡೋ ಈಡಿಸ್ ಈಜಿಪ್ಟೈ ಅಂತೂ ಹಗಲು ಕಚ್ಚೋ ಜಾತಿ, ರಾತ್ರಿ ದೀಪದ ಹಂಗೇ ಅದಕ್ಕಿಲ್ಲ.

ಇಷ್ಟೆಲ್ಲ ಓದೋಕೆ ಶುರು ಮಾಡಿದ್ದಕ್ಕೆ ಕಾರಣ ಅಕ್ಕನ ಮಗಳು. 2024ರ ಮಳೆಗಾಲದಲ್ಲಿ ಅವಳಿಗೆ ಡೆಂಗಿ ಆಯ್ತು. ಆ ವರ್ಷ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸಿದ್ದು ನಿಮಗೂ ನೆನಪಿರಬಹುದು. ದಿನಾ ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿದರೆ ಬೇರೆ ಮಾತೇ ಇಲ್ಲ, "ಇವತ್ತು ಪ್ಲೇಟ್‌ಲೆಟ್ ಎಷ್ಟು?" ಅಷ್ಟೇ. ಪುಣ್ಯಕ್ಕೆ ಹುಷಾರಾಗಿ ಮನೆಗೆ ಬಂದಳು. ಆದರೆ ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಂದು ಹೋದ ಮೇಲೆ ಬೇರೆ ಬಗೆಯದು ತಗುಲಿದರೆ ಎರಡನೇ ಸಲ ಜೋರಾಗೋ ಅಪಾಯ ಹೆಚ್ಚು. ಪುಟ್ಟಿ ಪ್ರತಿ ರಜೆಗೂ ಬರೋದು ನಮ್ಮಮ್ಮನ ಮನೆಗೆ. ಅಮ್ಮನ ಮನೆ ತಿಪಟೂರಿನ ಕಡೆ ಒಂದು ಹೋಬಳಿ ಊರಲ್ಲಿ. ನಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ, ಹಾಗಾಗಿ ಮನೆ ತುಂಬ ಡ್ರಮ್ಮು, ಹಂಡೆ, ಕೊಡ. ಹಿತ್ತಲಲ್ಲಿ ಕರಟ, ಎಳನೀರು ಬುರುಡೆ. ಈಡಿಸ್ ಸೊಳ್ಳೆಗೆ ಇದಕ್ಕಿಂತ ಇನ್ನೇನು ಬೇಕು!

ಆಗ ಕಣ್ಣಿಗೆ ಬಿದ್ದಿದ್ದು ಓವಿಟ್ರಾಪ್. ರಕ್ತ ಹುಡುಕೋ ಸೊಳ್ಳೆಗಲ್ಲ, ರಕ್ತ ಕುಡಿದು ಮೊಟ್ಟೆ ಇಡೋ ಜಾಗ ಹುಡುಕೋ ಬಸುರಿ ಸೊಳ್ಳೆಗೆ ಒಡ್ಡೋ ಬೋನು ಇದು. 1960ರ ದಶಕದಿಂದ ಬಳಕೆಯಲ್ಲಿದೆ, 2024ರಲ್ಲಿ ಬೆಂಗಳೂರಿನಲ್ಲೂ ಪ್ರಯೋಗಕ್ಕೆ ಇಟ್ಟಿದ್ದರು. ತೀರಾ ಸರಳ. ಕಪ್ಪು ಪಾತ್ರೆ, ಸ್ವಲ್ಪ ನೀರು, ಒಳಗೆ ಒರಟಾದ ಬಟ್ಟೆಯದೋ ಮರದ್ದೋ ಪಟ್ಟಿ. ಈಡಿಸ್‌ಗೆ ಕತ್ತಲು ಬಣ್ಣ ಇಷ್ಟ, ಒರಟು ಗೋಡೆ ಇಷ್ಟ. ಮೊಟ್ಟೆ ಇಡೋದು ನೀರಿನ ಒಳಗಲ್ಲ, ನೀರಿನ ಅಂಚಿಗಿಂತ ಕೊಂಚ ಮೇಲೆ, ಒದ್ದೆ ಗೋಡೆಗೆ ಅಂಟಿಸಿ.

ನಾಲ್ಕು ಪ್ಲಾಸ್ಟಿಕ್ ಲೋಟಕ್ಕೆ ಕಪ್ಪು ಬಣ್ಣ ಬಳಿದು, ಒಳಗೆ ಗೋಣಿಪಟ್ಟಿ ಇಟ್ಟು, ಬಚ್ಚಲ ಹಿಂದೆ, ದಾಸವಾಳದ ಬುಡದಲ್ಲಿ, ಬಟ್ಟೆ ಒಗೆಯೋ ಕಲ್ಲಿನ ಪಕ್ಕ, ಹಿತ್ತಲಲ್ಲಿ ಒಂದೊಂದು ಇಟ್ಟೆ. ಅಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಇರೋ ಸೊಳ್ಳೆ ಸಾಲ್ದು ಅಂತ ಹೆರಿಗೆ ಆಸ್ಪತ್ರೆ ಬೇರೆ ಕಟ್ತಿದೀಯೇನೋ?" ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಮೊಟ್ಟೆಯಿಂದ ಹಾರೋ ಸೊಳ್ಳೆ ಆಗೋಕೆ ನಮ್ಮ ಸೆಕೆಗೆ ಏಳೆಂಟು ದಿನ ಸಾಕು. ಅಷ್ಟರೊಳಗೆ ಚೆಲ್ಲಿ ತೊಳೆಯದೆ ಮರೆತರೆ ಬೋನೇ ತೊಟ್ಟಿಲು! ಹಾಗಾಗಿ ಐದೈದು ದಿನಕ್ಕೆ ಅಂತ ಲೆಕ್ಕ ಇಟ್ಟುಕೊಂಡೆ.

ಐದನೇ ದಿನ ಟಾರ್ಚ್ ಹಿಡಿದು ನೋಡ್ತೀನಿ, ಗೋಣಿ ಮೇಲೆ ಗಸಗಸೆಗಿಂತ ಸಣ್ಣ ಕಪ್ಪು ಚುಕ್ಕೆಗಳು. ನಾಲ್ಕರಲ್ಲೂ ಇತ್ತು, ಆದರೆ ಯಾವುದರಲ್ಲೂ ರಾಶಿ ಇಲ್ಲ. ಅನುಮಾನ ಬಂದು ಬಚ್ಚಲ ಮನೆಯ ನೀಲಿ ಡ್ರಮ್ಮಿನ ಒಳಗೋಡೆಗೆ ಟಾರ್ಚ್ ಬಿಟ್ಟರೆ ಅಲ್ಲೂ ಅದೇ ಚುಕ್ಕೆಗಳ ಸಾಲು.

ಇದು ಈಡಿಸ್‌ನ ಸ್ವಭಾವವಂತೆ. ಒಂದು ಸಲಕ್ಕೆ ನೂರರಷ್ಟು ಮೊಟ್ಟೆ ಇದ್ದರೂ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಇಡೋದಿಲ್ಲ. ಇಲ್ಲಿ ಒಂದಿಷ್ಟು, ಅಲ್ಲಿ ಒಂದಿಷ್ಟು, ಮತ್ತೊಂದು ಮನೆಯಲ್ಲಿ ಉಳಿದಿದ್ದು. ಒಂದು ಪಾತ್ರೆ ಒಣಗಿದರೂ ಇನ್ನೊಂದರಲ್ಲಿ ಸಂತಾನ ಉಳಿಯುತ್ತಲ್ಲ. ಇದನ್ನ ಅಮ್ಮನಿಗೆ ಹೇಳಿದರೆ ಒಂಚೂರೂ ಆಶ್ಚರ್ಯ ಇಲ್ಲ. "ಮತ್ತೆ? ನಾನೇನು ದುಡ್ಡೆಲ್ಲ ಒಂದೇ ಡಬ್ಬೀಲಿ ಇಡ್ತೀನಾ? ಸಾಸಿವೆ ಡಬ್ಬೀಲಿ ಸ್ವಲ್ಪ, ಅಕ್ಕಿ ಡಬ್ಬೀಲಿ ಸ್ವಲ್ಪ."

ಫ್ಯಾನ್ ಇಟ್ಟು ಎಳೆದುಕೊಳ್ಳೋ ದೊಡ್ಡ ಬೋನುಗಳ ಕತೆಯೂ ಹೀಗೇ. ಆಸ್ಟ್ರೇಲಿಯಾದಲ್ಲಿ ಸಂಶೋಧಕರು ಇಂಥ ಬೋನಿನ ಸುತ್ತ ಈಡಿಸ್ ಹಾರಾಟವನ್ನ ವಿಡಿಯೋ ಮಾಡಿ ನೋಡಿದರು. ಹತ್ತಿರ ಬಂದಾಗಲೆಲ್ಲ ಸಿಕ್ಕಿಬೀಳಲ್ಲ, ಹೆಚ್ಚಿನ ಸಲ ಬೋನಿನ ಬಾಯಿವರೆಗೂ ಬಂದು, ಸುತ್ತಿ, ತಿರುಗಿ ಹೋಗ್ತವೆ. ಬೋನಿಗೆ ಸೆಳೆಯೋದು ಬೇರೆ, ಒಳಗೆ ಬೀಳಿಸೋದು ಬೇರೆ.

ಹಾಗಾದರೆ ಬೋನು ದಂಡವೇ? ಇಲ್ಲ. ಪೋರ್ಟೊರಿಕೋದಲ್ಲಿ ಮೊಟ್ಟೆ ಇಡೋಕೆ ಬಂದ ಸೊಳ್ಳೆ ಅಂಟಿಗೆ ಸಿಕ್ಕಿ ಸಾಯೋ ಬೋನುಗಳನ್ನ ಒಂದು ಊರಿನ ಬಹುತೇಕ ಎಲ್ಲ ಮನೆಗಳಲ್ಲೂ, ಮನೆಗೆ ಮೂರರಂತೆ ಇಟ್ಟರು. ಈಡಿಸ್ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಆದರೆ ಅಲ್ಲಿ ಮೊದಲು ನೀರು ನಿಲ್ಲೋ ಪಾತ್ರೆ ಪಗಡೆ ಎಲ್ಲ ತೆಗೆಸಿ ಆಮೇಲೆ ಬೋನು ಇಟ್ಟಿದ್ದು. ಸಿಂಗಾಪುರದಲ್ಲಿ ಇಂಥವೇ ಹತ್ತಾರು ಸಾವಿರ ಬೋನುಗಳಿವೆ. ಎಲ್ಲಿ ಹೆಚ್ಚು ಬಿತ್ತೋ ಆ ಕಟ್ಟಡಕ್ಕೆ ಮೊದಲು ತಪಾಸಣೆಯವರು ಹೋಗ್ತಾರೆ.

ನನಗೆ ಅರ್ಥವಾಗಿದ್ದು ಇಷ್ಟು. ಸೊಳ್ಳೆ ಬೋನಿಗೆ ಬರೋದು ಅದರ ಸುತ್ತ ಅದಕ್ಕಿಂತ ಒಳ್ಳೆ ಜಾಗ ಇಲ್ಲದಾಗ. ಬಾಯಿ ತೆರೆದ ಇನ್ನೂರು ಲೀಟರಿನ ಡ್ರಮ್ಮಿನ ಮುಂದೆ ನನ್ನ ಲೋಟ ಯಾವ ಲೆಕ್ಕ? ಆದರೆ ಲೋಟ ಸುದ್ದಿ ಹೇಳುತ್ತೆ, ಆ ಮನೆಯಲ್ಲಿ ಈಡಿಸ್ ಇದೆ, ಈ ವಾರ ಮೊಟ್ಟೆ ಇಟ್ಟಿದೆ ಅಂತ. ಡ್ರಮ್ಮು ಬಾಯಿಬಿಟ್ಟು ಏನೂ ಹೇಳಲ್ಲ.

ಇನ್ನೊಂದು ವಿಷಯ, ದಯವಿಟ್ಟು ಇದನ್ನ ಮಾತ್ರ ಮರೀಬೇಡಿ. ಆ ಮೊಟ್ಟೆ ಒಣಗಿದ ಗೋಡೆಯ ಮೇಲೆ ತಿಂಗಳುಗಟ್ಟಲೆ ಬದುಕಿರುತ್ತೆ, ನೀರು ತಾಗಿದ ಕೂಡಲೇ ಒಡೆಯುತ್ತೆ. ಡ್ರಮ್ಮಿನ ನೀರು ಚೆಲ್ಲಿದರೆ ಸಾಲದು, ಒಳಗೋಡೆಯನ್ನ ತಿಕ್ಕಲೇಬೇಕು. ಈಗ ಅಮ್ಮನ ಮನೆಯಲ್ಲಿ ನಲ್ಲಿ ನೀರು ಬರೋ ದಿನ ಬೆಳಿಗ್ಗೆ ಇದೇ ಕೆಲಸ. ತಿಪಟೂರಿನ ಕಡೆ ತೆಂಗಿನ ನಾರಿಗೇನು ಬರ! ತಿಕ್ಕಿ ತೊಳೆದು, ನೀರು ತುಂಬಿಸಿ, ಮೇಲೆ ಹಳೇ ಪಂಚೆ ಬಿಗಿಯಾಗಿ ಕಟ್ಟಿ ಮುಚ್ಚೋದು. ಕರಟಗಳೆಲ್ಲ ಒಲೆಗೆ. ಲೋಟಗಳು ಮಾತ್ರ ಅಲ್ಲೇ ಇವೆ. ಮೊನ್ನೆ ಅಮ್ಮನೇ ಫೋನ್ ಮಾಡಿ, "ಈ ಸಲ ಒಂದರಲ್ಲಿ ಮಾತ್ರ ಕಣೋ, ದಾಸವಾಳದ ಹತ್ತಿರದ್ರಲ್ಲಿ. ಪಕ್ಕದ ಮನೆಯವರ ಸಿಂಟೆಕ್ಸ್ ಮುಚ್ಚಳ ಒಡೆದಿದೆ, ಹೋಗಿ ಹೇಳಿ ಬರ್ತೀನಿ" ಅಂದರು.

ನಿಮ್ಮ ಮನೆಯ ಡ್ರಮ್ಮಿಗೂ ಇವತ್ತು ಒಂದು ಸಲ ಟಾರ್ಚ್ ಬಿಡಿ. ಏನು ಕಂಡಿತು ಅಂತ ನನಗೂ ಹೇಳಿ.