ಅಪಾಯ ಎಂಬ ಮೂರಕ್ಷರ

ಟಿ.ಸಿ. ಕಂಬಕ್ಕೆ ತಂತಿಯಿಂದ ಬಿಗಿದ ತಗಡಿನ ಫಲಕವನ್ನು ನೋಡದ ಮಕ್ಕಳಿಲ್ಲ. ತಲೆಬುರುಡೆ, ಅದರ ಕೆಳಗೆ ಅಡ್ಡಡ್ಡ ಎರಡು ಎಲುಬು, 11,000 ವೋಲ್ಟ್ ಎಂಬ ಅಂಕಿ, ಮೇಲೆ ‘ಅಪಾಯ’ ಎಂಬ ಮೂರಕ್ಷರ. ಇಂಥ ಫಲಕದಲ್ಲಿ ಹಿಂದಿ ಅಥವಾ ಇಂಗ್ಲಿಷಿನ ಜೊತೆಗೆ ಆ ಜಿಲ್ಲೆಯ ಜನರ ಭಾಷೆಯೂ ಇರಬೇಕು, ಬುರುಡೆಯ ಗುರುತೂ ಇರಬೇಕು ಎಂದು 1956ರ ಭಾರತೀಯ ವಿದ್ಯುತ್ ನಿಯಮಗಳೇ ಹೇಳಿದ್ದವು. ಓದು ಬಾರದವನಿಗೆ ಬುರುಡೆ, ಬಂದವನಿಗೆ ಅಕ್ಷರ.

ಆದರೆ ಸಿಂದಗಿ ತಾಲೂಕಿನ ಕನ್ನೊಳ್ಳಿಯ ಸುತ್ತಮುತ್ತ ಮನೆಮಾತಿನಲ್ಲಿ ‘ಅಪಾಯ’ ಅಷ್ಟಾಗಿ ಕೇಳಿಬರುವುದಿಲ್ಲ. ಅದು ಪಾಠದ ಮಾತು, ಪತ್ರಿಕೆಯ ಮಾತು. ಮನೆಯಲ್ಲಿ ಹಿರಿಯರು ಹೇಳುವುದು ‘ಆ ಕಡೆ ಹೋಗಬ್ಯಾಡೋ ತಮ್ಮಾ, ಜೀವಕ್ಕ ಧೋಕಾ ಐತಿ’ ಎಂದು. ಹಿಂದಿಯಲ್ಲಿ ಧೋಕಾ ಎಂದರೆ ಮೋಸ. ಮರಾಠಿಯಲ್ಲಿ ಮೋಸವೂ ಹೌದು, ಗಂಡಾಂತರವೂ ಹೌದು. ಸೊಲ್ಲಾಪುರದ ಕಡೆಯ ವಿದ್ಯುತ್ ಫಲಕಗಳ ಮೇಲೆ ಆ ಮಾತೇ ಇರುತ್ತದೆ. ಗಡಿಯ ಈಚೆಗಿನ ಕನ್ನಡ ಎರಡರ್ಥವನ್ನೂ ಇಟ್ಟುಕೊಂಡಿದೆ. ಸಾಲ ಪಡೆದು ಕೈಯೆತ್ತಿದವನು ಧೋಕಾ ಕೊಟ್ಟ. ಬಿರುಕು ಬಿಟ್ಟ ಗೋಡೆಯ ಕೆಳಗೆ ಕೂಡುವುದೂ ಧೋಕಾ. ಗಟ್ಟಿ ಎಂದು ನಂಬಿದ್ದು ಗಟ್ಟಿಯಲ್ಲ ಎಂಬುದೇ ಎರಡರ ಹುರುಳು. ಮಾತು ಕಟ್ಟಿದವರು ದಡ್ಡರಲ್ಲ.

ಫಲಕದ ಮಾತಿಗೂ ಒಂದು ಕಥೆಯಿದೆ. ಸಂಸ್ಕೃತದಲ್ಲಿ ‘ಅಪಾಯ’ ಎಂದರೆ ಮೊದಲಿಗೆ ದೂರ ಸರಿಯುವುದು, ಅಗಲುವುದು. ‘ಉಪಾಯ’ ಎಂದರೆ ಹತ್ತಿರ ಬರುವುದು. ಧಾತು ಒಂದೇ, ಉಪಸರ್ಗ ಬೇರೆ. ಪಾಣಿನಿ ತನ್ನ ವ್ಯಾಕರಣದಲ್ಲಿ ಅಪಾದಾನವನ್ನು ವಿವರಿಸುವಾಗ ‘ಅಪಾಯ’ವನ್ನು ಈ ಅಗಲಿಕೆಯ ಅರ್ಥದಲ್ಲೇ ಬಳಸಿದ್ದಾನೆ. ‘ಮರದ ದೆಸೆಯಿಂದ ಎಲೆ ಬಿತ್ತು’ ಎಂದು ಪಂಚಮೀ ವಿಭಕ್ತಿ ಬಾಯಿಪಾಠ ಮಾಡುವ ಹುಡುಗ ಪಾಣಿನಿಯ ಲೆಕ್ಕದಲ್ಲಿ ಒಂದು ಅಪಾಯವನ್ನೇ ಹೇಳುತ್ತಿರುತ್ತಾನೆ! ಅಗಲಿಕೆಯಿಂದ ನಷ್ಟ, ನಷ್ಟದಿಂದ ಕೇಡು ಎಂದು ಅರ್ಥ ಬೆಳೆಯಿತು. ಅಚ್ಚಗನ್ನಡದ ‘ಕುತ್ತು’ ಬಂದ ದಾರಿ ಬೇರೆ. ಹಳಗನ್ನಡದಲ್ಲಿ ಕುತ್ತ ಎಂದರೆ ರೋಗ.

ಹೊಳೆಗೆ ಬಂದರೆ ಅಪಾಯ ಒಂದು ಅಳತೆಯಾಗುತ್ತದೆ. ಕೇಂದ್ರ ಜಲ ಆಯೋಗದವರು ನದಿಗೆ ಎಚ್ಚರಿಕೆಯ ಮಟ್ಟ, ಅದರ ಮೇಲೆ ಅಪಾಯದ ಮಟ್ಟ ಎಂದು ಗೊತ್ತುಮಾಡಿರುತ್ತಾರೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಇಂಡಿ, ಸಿಂದಗಿ ಕಡೆಯ ದಂಡೆಯ ಊರುಗಳಿಗೆ ನೀರು ನುಗ್ಗಿದಾಗ ‘ಅಪಾಯದ ಮಟ್ಟ ಮೀರಿ’ ಎಂಬ ಮಾತು ಎಲ್ಲರ ಬಾಯಲ್ಲಿತ್ತು. ಈ ಅಪಾಯಕ್ಕೆ ಮೀಟರು, ಸೆಂಟಿಮೀಟರುಗಳಿವೆ.

ವಿಜ್ಞಾನ ಓದುವವರು ಇನ್ನೊಂದು ಭೇದವನ್ನು ತಿಳಿಯಬೇಕು. ಇಂಗ್ಲಿಷಿನಲ್ಲಿ ‘ಹ್ಯಾಜರ್ಡ್’ ಬೇರೆ, ‘ರಿಸ್ಕ್’ ಬೇರೆ. ಕೇಡು ಮಾಡುವ ಶಕ್ತಿ ಒಂದು ವಸ್ತುವಿನಲ್ಲಿ ಇರುವುದು ಮೊದಲನೆಯದು. ಆ ಕೇಡು ನಮಗೆ ತಟ್ಟುವ ಸಂಭವ ಎಷ್ಟು, ತಟ್ಟಿದರೆ ಏಟು ಎಷ್ಟು ಎಂಬುದು ಎರಡನೆಯದು. ಕನ್ನಡದಲ್ಲಿ ನಾವು ಎರಡಕ್ಕೂ ಅಪಾಯ ಎಂದೇ ಅನ್ನುತ್ತೇವೆ. ತಂತಿಯ ಮೇಲೆ ಕೂತ ಗುಬ್ಬಿಯನ್ನು ನೋಡಿ. ಅದರ ಎರಡೂ ಕಾಲು ಒಂದೇ ತಂತಿಯ ಮೇಲಿವೆ. ಕಾಲುಗಳ ನಡುವೆ ವಿಭವಾಂತರ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಅದರ ಮೈಯಲ್ಲಿ ಹೇಳುವಷ್ಟು ವಿದ್ಯುತ್ ಹರಿಯುವುದಿಲ್ಲ. ನೆಲದ ಮೇಲೆ ನಿಂತು ಹಸಿ ಕೋಲಿನಿಂದ ಅದೇ ತಂತಿಯಲ್ಲಿ ಸಿಕ್ಕ ಗಾಳಿಪಟವನ್ನು ಎಳೆಯುವ ಹುಡುಗನಿಗೆ ಆ ರಕ್ಷಣೆ ಇಲ್ಲ. ತಂತಿ ಅದೇ, ವೋಲ್ಟ್ ಅಷ್ಟೇ.

ಈ ಭೇದ ಬರಿಯ ಶಬ್ದದ ಜಗಳವಲ್ಲ. 2014ರ ಜೂನ್‌ನಲ್ಲಿ ಇದೇ ಜಿಲ್ಲೆಯ ನಾಗಠಾಣದಲ್ಲಿ ತೆರೆದ ಕೊಳವೆಬಾವಿಗೆ ಬಿದ್ದ ನಾಲ್ಕು ವರ್ಷದ ಬಾಲೆ ಉಳಿಯಲಿಲ್ಲ. 2024ರ ಏಪ್ರಿಲ್ 3ರ ಸಂಜೆ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಎರಡು ವರ್ಷದೊಳಗಿನ ಮಗು ಆಗಷ್ಟೇ ಕೊರೆದ ಬಾವಿಗೆ ತಲೆಕೆಳಗಾಗಿ ಬಿತ್ತು. ಪಕ್ಕದಲ್ಲಿ ಗುಂಡಿ ತೋಡಿ, ಅಡ್ಡ ಸುರಂಗ ಕೊರೆದು, ಸುಮಾರು 20 ಗಂಟೆಗಳ ತರುವಾಯ ಅದನ್ನು ಜೀವಂತವಾಗಿ ಎತ್ತಿದರು. ನಾಡೆಲ್ಲ ಉಸಿರು ಬಿಟ್ಟಿತು.

ಸುಪ್ರೀಂ ಕೋರ್ಟು 2010ರಲ್ಲೇ ಕೊಳವೆಬಾವಿಗಳಿಗೆ ನಿಯಮ ಹೇಳಿತ್ತು: ಕೊರೆಯುವಾಗ ಫಲಕ, ಸುತ್ತ ಮುಳ್ಳುತಂತಿ, ಕೇಸಿಂಗ್ ಪೈಪಿನ ಸುತ್ತ ಸಿಮೆಂಟಿನ ಕಟ್ಟೆ, ಬಾಯಿಗೆ ಉಕ್ಕಿನ ಮುಚ್ಚಳ, ಕೈಬಿಟ್ಟ ಬಾವಿಯನ್ನು ತಳದಿಂದ ನೆಲದ ಮಟ್ಟದವರೆಗೆ ತುಂಬುವುದು. ಇವುಗಳಲ್ಲಿ ಫಲಕ ದೊಡ್ಡವರಿಗೆ. ಎರಡು ವರ್ಷದ ಕೂಸಿಗೆ ಅಪಾಯ ಎಂಬ ಅಕ್ಷರವೂ ಒಂದೇ, ಬುರುಡೆಯ ಚಿತ್ರವೂ ಒಂದೇ. ಗುಂಡಿ ಇದ್ದಲ್ಲೇ ಇರಲಿ, ಬಾಯಿ ಮುಚ್ಚಿದರೆ ಬೀಳುವ ಸಂಭವವೇ ಇಲ್ಲ. ಹ್ಯಾಜರ್ಡ್ ಉಳಿಯಿತು, ರಿಸ್ಕ್ ಹೋಯಿತು.

ಕೊರೆಯುವ ಲಾರಿ ಹೊಲ ಬಿಟ್ಟ ಗಳಿಗೆಗೂ ಮೋಟರು ಇಳಿಸುವ ದಿನಕ್ಕೂ ನಡುವೆ ಒಂದು ಅವಧಿ ಇರುತ್ತದೆ. ದುಡ್ಡು ಹೊಂದಿಸಬೇಕು, ಲೈನ್ ಎಳೆಯಬೇಕು. ನೀರು ಬೀಳದಿದ್ದರೆ ಮನಸ್ಸೇ ಮುರಿದಿರುತ್ತದೆ. ಆಗ ಪೈಪಿನ ಬಾಯಿಗೆ ಒಂದು ಗೋಣಿಚೀಲ ಹೊದಿಸಿ ಮನೆಗೆ ಬರುವವರುಂಟು. ಮಗುವಿನ ಕಣ್ಣಿಗೆ ಆ ಚೀಲವೂ ನೆಲವೇ. ಅದು ಎರಡೂ ಅರ್ಥದಲ್ಲಿ ಧೋಕಾ. ಲಾರಿಯವರಿಗೆ ಕೊರೆದ ಕೂಲಿ ಎಣಿಸುವ ಮುನ್ನವೇ ಕಬ್ಬಿಣದ ಮುಚ್ಚಳ ಹಾಕಿಸಿ, ಬೋಲ್ಟು ಬಿಗಿಸಿ, ಕೈಯಿಂದ ಅಲ್ಲಾಡಿಸಿ ನೋಡಬೇಕು. ಪಾನಾ ಲಾರಿಯಲ್ಲೇ ಇರುತ್ತದೆ.