ಘಾಟಿಯ ದಾರಿಯಲ್ಲಿ ಕೇಳಿದ ಪದಗಳು

ಪುಷ್ಯಮಾಸ ಬಂದಿತೆಂದರೆ ದೊಡ್ಡಬಳ್ಳಾಪುರದ ಸೀಮೆಯ ಒಕ್ಕಲುಮಕ್ಕಳಿಗೆ ಘಾಟಿಯ ನೆನಪಾಗುವುದು. ರಾಗಿಯ ಕೊಯ್ಲು ಮುಗಿದಿರುವುದು. ಹುಲ್ಲಿನ ಮೆದೆ ಏರಿರುವುದು. ಎತ್ತಿಗೂ ಆಳಿಗೂ ಕೊಂಚ ಬಿಡುವು ದೊರೆತಿರುವುದು. ಆ ದಿನಗಳಲ್ಲಿ ಘಾಟಿ ಸುಬ್ರಹ್ಮಣ್ಯದಲ್ಲಿ ದನಗಳ ಜಾತ್ರೆ ಕೂಡುತ್ತದೆ. ಶುದ್ಧ ಷಷ್ಠಿಯ ದಿನ ಬ್ರಹ್ಮರಥೋತ್ಸವ ನಡೆಯುತ್ತದೆ. ಹೋದ ವರ್ಷ ಆ ಜಾತ್ರೆಗೆ ಹೋಗಿಬರುವ ಅವಕಾಶ ನನಗೂ ಒದಗಿತು. ದೇವರ ದರ್ಶನದ ಜೊತೆಗೆ ಇನ್ನೊಂದು ಕಾರಣವೂ ಇದ್ದಿತು. ಮಾಘದಲ್ಲಿ ನನ್ನ ಮಗಳ ಮದುವೆ ಗೊತ್ತಾಗಿದ್ದಿತು. ತೂಬಗೆರೆ ಹೋಬಳಿಯ ಒಂದು ಹಳ್ಳಿಯಲ್ಲಿ ನನ್ನ ದೊಡ್ಡಮ್ಮನವರಿದ್ದಾರೆ. ಎಂಬತ್ತು ದಾಟಿದ ಜೀವ. ಅವರು ಸೋಬಾನೆ ಹೇಳದೆ ನಮ್ಮ ವಂಶದಲ್ಲಿ ಒಂದು ಮದುವೆಯೂ ನಡೆದುದಿಲ್ಲವೆಂದು ಹಿರಿಯರ ಮಾತು. "ಅವರನ್ನು ಕರೆದು ಬನ್ನಿ, ಬರಲಾರೆನೆಂದರೆ ಅವರ ಪದಗಳನ್ನಾದರೂ ತನ್ನಿ" ಎಂದು ಮನೆಯಾಕೆಯ ಅಪ್ಪಣೆಯಾಯಿತು. ಮಗಳೂ ಜೊತೆಗೆ ಹೊರಟಳು. ಪದಗಳನ್ನು ತುಂಬಿಕೊಂಡು ಬರುವುದಕ್ಕೆಂದು ಅವಳ ಕೈಯಲ್ಲಿ ಫೋನು ಇದ್ದಿತು.

ಬೆಂಗಳೂರಿನಿಂದ ದೊಡ್ಡಬಳ್ಳಾಪುರಕ್ಕೆ ಸುಮಾರು ೪೦ ಕಿಲೋಮೀಟರು. ಬಸ್ಸುಗಳಿಗೆ ಕೊರತೆಯಿಲ್ಲ, ಆದರೂ ನಾವು ಹಿಂದೂಪುರದ ಕಡೆಗೆ ಹೋಗುವ ರೈಲನ್ನೇ ಹಿಡಿದೆವು. ಯಲಹಂಕ ಕಳೆದು ರಾಜಾನುಕುಂಟೆ ದಾಟುವವರೆಗೆ ನಗರವು ನಮ್ಮ ಬೆನ್ನು ಬಿಡಲಿಲ್ಲ. ಅಲ್ಲಿಂದಾಚೆಗೆ ನೀಲಗಿರಿಯ ತೋಪು, ದ್ರಾಕ್ಷಿಯ ಚಪ್ಪರ, ಕೊಯ್ದ ರಾಗಿಹೊಲದ ಕೂಳೆ ಇವು ಒಂದಾದಮೇಲೊಂದು ಕಾಣಿಸಿದವು. ದೂರದಲ್ಲಿ ನಂದಿಬೆಟ್ಟವು ಮಂಜಿನ ಮುಸುಕು ಹೊದ್ದು ಮಲಗಿದ್ದಿತು. ಆ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿಯು ಈ ತಾಲ್ಲೂಕನ್ನು ಹಾದು, ತೆಂಕಣಕ್ಕೆ ಬಹುದೂರ ಹರಿದು, ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಯನ್ನು ಸೇರುವಳು. ಈಗ ಇಲ್ಲಿ ನದಿಯೆಂಬುದು ಒಳ್ಳೆಯ ಮಳೆಯಾದ ವರ್ಷದ ಮಾತು.

ದೊಡ್ಡಬಳ್ಳಾಪುರಕ್ಕೆ ಆ ಹೆಸರು ಬಂದುದರ ಬಗ್ಗೆ ಒಂದು ಕಥೆಯುಂಟು. ಹಸುವೊಂದು ದಿನವೂ ಇಲ್ಲಿನ ಒಂದು ಹುತ್ತದ ಮೇಲೆ ಒಂದು ಬಳ್ಳದಷ್ಟು ಹಾಲು ಕರೆಯುತ್ತಿದ್ದಿತಂತೆ. ಬಳ್ಳವೆಂದರೆ ಎರಡು ಸೇರಿನ ಅಳತೆ. ಕಥೆಯು ನಿಜವೋ ಅಲ್ಲವೋ, ಹುತ್ತಕ್ಕೆ ಹಾಲೆರೆಯುವ ನಾಡಿಗೆ ಒಪ್ಪುವ ಹೆಸರು. ಇಂದು ಊರಿಗೆ ಹಾಲಿಗಿಂತ ನೂಲಿನಿಂದ ಹೆಚ್ಚು ಪ್ರಸಿದ್ಧಿ. ನೇಕಾರರ ಬೀದಿಗಳಲ್ಲಿ ನಡೆದರೆ ಮನೆಮನೆಯಿಂದ ವಿದ್ಯುತ್ ಮಗ್ಗದ ಸದ್ದು ಕಿವಿ ತುಂಬುವುದು. ವಿಮರ್ಶಕ ಡಿ. ಆರ್. ನಾಗರಾಜರು (೧೯೫೪–೧೯೯೮) ಹುಟ್ಟಿದುದು ಈ ಊರಿನ ನೇಕಾರ ಮನೆತನದಲ್ಲಿಯೇ. ನಾವು ಚಹ ಕುಡಿದ ಅಂಗಡಿಯ ಜಗುಲಿಯಲ್ಲಿ ಮುದುಕ ನೇಕಾರರೊಬ್ಬರು ಕುಳಿತಿದ್ದರು. ಕೈಮಗ್ಗದ ಕಾಲದಲ್ಲಿ ಲಾಳಿಯ ಓಟಕ್ಕೆ ಸರಿಯಾಗಿ ತಮ್ಮ ತಂದೆ ತತ್ತ್ವಪದ ಹೇಳುತ್ತಿದ್ದರೆಂದೂ, ಎದುರು ಮಗ್ಗದಿಂದ ಚಿಕ್ಕಪ್ಪ ಅದನ್ನು ತಿರುಗಿಸಿ ಹೇಳುತ್ತಿದ್ದರೆಂದೂ ಅವರು ನೆನೆದರು. ಕೈವಾರದ ತಾತಯ್ಯನೆಂದು ಪ್ರಸಿದ್ಧರಾದ ನಾರಾಯಣಪ್ಪನವರ ಪದಗಳು ಈ ಕಡೆ ಮನೆಮಾತು. ಅವು ತೆಲುಗಿನಲ್ಲಿಯೂ ಇವೆ, ಕನ್ನಡದಲ್ಲಿಯೂ ಇವೆ. ಮನೆಯೊಳಗೆ ಒಂದು ನುಡಿ, ಸಂತೆಯಲ್ಲಿ ಇನ್ನೊಂದು ನುಡಿ ಆಡುವ ಕುಟುಂಬಗಳು ಇಲ್ಲಿ ಹಲವು. "ಈಗ ಮಗ್ಗದ ಮುಂದೆ ಮಾತಾಡಿದರೆ ಕೇಳೋದಿಲ್ಲ ಸ್ವಾಮಿ, ಪದ ಎಲ್ಲಿ ಕೇಳ್ತದೆ?" ಎಂದರು ಆ ಹಿರಿಯರು.

ಹಾಗೆಂದು ಈ ಸೀಮೆಯಲ್ಲಿ ಹಾಡು ಅಡಗಿಹೋಗಿದೆಯೆಂದು ವಾಚಕರು ಎಣಿಸಬಾರದು. ಬಸ್ ನಿಲ್ದಾಣದ ಗೋಡೆಯ ಮೇಲೆ 'ಕುರುಕ್ಷೇತ್ರ' ನಾಟಕದ ಪ್ರಕಟಣೆ ಅಂಟಿಸಿದ್ದಿತು. ಹಗಲು ಹೊಲದಲ್ಲಿ ದುಡಿದ ರೈತರೇ ಹಲವು ತಿಂಗಳು ಹಾರ್ಮೋನಿಯಂ ಮೇಷ್ಟರ ಮುಂದೆ ಕುಳಿತು ಕಂದ, ವೃತ್ತಗಳನ್ನು ಕಲಿತು, ಒಂದು ರಾತ್ರಿ ಭೀಮ ದುರ್ಯೋಧನರಾಗಿ ಬೆಳಗಿನವರೆಗೆ ಆಡುವರು. ಅದಕ್ಕೂ ಹಿಂದೆ ಇಲ್ಲಿ ಕೇಳಿಕೆಯ ಕಾಲ. ಮೂಡಲಪಾಯದ ಬಯಲಾಟಕ್ಕೆ ಬೆಂಗಳೂರು ಕೋಲಾರದ ಕಡೆ ಕೇಳಿಕೆಯೆಂದೇ ಹೆಸರು. ಮದ್ದಳೆ, ತಾಳ, ಮುಖವೀಣೆಗಳ ನಡುವೆ ಭಾಗವತನು ಪದ ಎತ್ತಿಕೊಡುತ್ತಿದ್ದನು. ಶ್ರಾವಣದ ಶನಿವಾರಗಳಲ್ಲಿ ದಾಸಯ್ಯನ ಶಂಖ ಜಾಗಟೆ. ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರಗಳಲ್ಲಿ ಕರಗದ ರಾತ್ರಿಯ ತಮಟೆ. ಗಂಡಸರ ಹಾಡಿಗೆ ಹೀಗೆ ರಂಗವೂ ಬೀದಿಯೂ ಇಂದಿಗೂ ಉಳಿದಿವೆ. ಹೆಂಗಸರ ಹಾಡಿಗೆ ಏನಾಯಿತೆಂಬುದು ನಾನು ಮುಂದೆ ಹೇಳಬೇಕಾದ ವಿಷಯ.

ಘಾಟಿಯಲ್ಲಿ ಜನಸಂದಣಿ ಹೇಳತೀರದು. ಗರ್ಭಗುಡಿಯ ಶಿಲೆಯಲ್ಲಿ ಸುಬ್ರಹ್ಮಣ್ಯನು ಪೂರ್ವಾಭಿಮುಖವಾಗಿಯೂ ಅದರ ಹಿಂಬದಿಯಲ್ಲಿ ನರಸಿಂಹನು ಪಶ್ಚಿಮಾಭಿಮುಖವಾಗಿಯೂ ಇರುವರು. ನರಸಿಂಹನ ದರ್ಶನವು ಹಿಂದೆ ನಿಲ್ಲಿಸಿರುವ ಕನ್ನಡಿಯಲ್ಲಿ ಆಗಬೇಕು. ಮಕ್ಕಳನ್ನು ಬೇಡಿಕೊಂಡವರು ಪ್ರತಿಷ್ಠೆ ಮಾಡಿಸಿದ ನಾಗರಕಲ್ಲುಗಳು ಗುಡಿಯ ಸುತ್ತ ಸಾಲುಸಾಲಾಗಿ ನಿಂತಿವೆ. ಬಯಲಿನಲ್ಲಿ ಹಳ್ಳಿಕಾರ್ ಎತ್ತುಗಳ ಜೋಡಿಗಳು: ನೆಟ್ಟಗೆ ಹಿಂದಕ್ಕೆ ಬಾಗಿದ ಕೊಂಬು, ಬೂದು ಬಣ್ಣ, ಕೊರಳಲ್ಲಿ ಗೆಜ್ಜೆ. ಬೆಲೆಬಾಳುವ ಜೋಡಿಯನ್ನು ಹೂವಿನಿಂದ ಸಿಂಗರಿಸಿ ವಾದ್ಯದೊಡನೆ ಮೆರವಣಿಗೆಯಲ್ಲಿ ತರುವರು. ಉತ್ತರ ಕರ್ನಾಟಕದಿಂದಲೂ ನೆರೆಯ ಆಂಧ್ರದಿಂದಲೂ ಕೊಳ್ಳುವವರು ಬಂದಿದ್ದರು. ತೇರು ನೋಡಿ, ಕಾಯಿ ಒಡೆಸಿ, ಸಂಜೆಯ ಹೊತ್ತಿಗೆ ನಾವು ಹಳ್ಳಿಯ ದಾರಿ ಹಿಡಿದೆವು.

ಹಳ್ಳಿಗೆ ಹೋಗುವ ಡಾಂಬರು ರಸ್ತೆಯ ಮೇಲೆ ಅರ್ಧ ಭಾಗಕ್ಕೆ ರಾಗಿಯ ತೆನೆ ಹರಡಿದ್ದಿತು. ಹೋಗಿಬರುವ ಲಾರಿ ಕಾರುಗಳ ಚಕ್ರವೇ ಈಗ ರೋಣಗಲ್ಲು. ನಮ್ಮ ಬಾಲ್ಯದಲ್ಲಿ ಕಣವನ್ನು ಸಗಣಿಯಿಂದ ಸಾರಿಸಿ, ಎತ್ತು ಕಟ್ಟಿ ರೋಣಗಲ್ಲು ಹೊಡೆಯುತ್ತಿದ್ದರು. ಬೆಳದಿಂಗಳ ರಾತ್ರಿಯಲ್ಲಿ ಎತ್ತಿನ ಹಿಂದೆ ಸುತ್ತುವವನು ಪದ ಹೇಳಿದರೆ ರಾಶಿ ತೂರುವವರು ಅದಕ್ಕೆ ದನಿಗೂಡಿಸುತ್ತಿದ್ದರು. ಕಷ್ಟವು ತಗ್ಗಿತೆಂದು ರೈತನು ಸಂತೋಷಪಡುವುದು ನ್ಯಾಯವೇ. ಆದರೆ ಲಾರಿಯವನಿಗೆ ಆ ಪದದಿಂದ ಆಗಬೇಕಾದುದೇನೂ ಇಲ್ಲ.

ದೊಡ್ಡಮ್ಮನವರು ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದರು. "ಬಾ ಮಗ, ಬಾರವ್ವ. ಮದ್ವೆ ಹೆಣ್ಣು ನಮ್ಮನೆ ಹುಡಿಕ್ಕೊಂಡು ಬಂದೈತೆ" ಎಂದು ಮಗಳ ಗಲ್ಲ ಸವರಿ ನೆಟಿಗೆ ತೆಗೆದರು. ಮುದ್ದೆ, ಅವರೆಕಾಳಿನ ಸಾರು ಉಂಡಾದಮೇಲೆ ನಾನು ಬಂದ ಕೆಲಸವನ್ನು ಅರಿಕೆ ಮಾಡಿದೆನು. ಮಗಳು ಫೋನನ್ನು ಅವರ ಮುಂದೆ ಇಟ್ಟಳು. ದೊಡ್ಡಮ್ಮನವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಸುಮ್ಮನಾದರು.

"ಒಬ್ಳೇ ಹೆಂಗಪ್ಪ ಹೇಳ್ಲಿ? ನಾನೊಂದು ಸೊಲ್ಲು ಬಿಟ್ರೆ ತಿರುಗಿಸಿ ಹೇಳೋರು ಬ್ಯಾಡ್ವ? ಪದ ಹಂಗೇ ಬಿದ್ದೋಯ್ತದೆ."

"ಇದು ಕೇಳಿಸಿಕೊಳ್ಳುತ್ತದೆ ಅಜ್ಜಿ" ಎಂದಳು ಮಗಳು.

"ಕೇಳ್ತದೆ, ಸರಿ ಕಣವ್ವ. ತಿರುಗಿ ಹೇಳ್ತದಾ?"

ಆಮೇಲೆ ತಿಳಿಯಿತು. ದೊಡ್ಡಮ್ಮನವರೂ ಅವರ ಓರಗಿತ್ತಿಯೂ ಒಂದೇ ಮನೆಗೆ ಸೊಸೆಯರಾಗಿ ಬಂದವರು. ಐವತ್ತು ವರ್ಷಕ್ಕೆ ಮೇಲ್ಪಟ್ಟು ಒಂದೇ ರಾಗಿಕಲ್ಲಿನ ಗೂಟ ಹಿಡಿದು ಬೀಸಿದವರು, ಒಂದೇ ಸಾಲಿನಲ್ಲಿ ಕೂತು ಕಳೆ ಕಿತ್ತವರು, ಒಂದೇ ಹಸೆಯ ಪಕ್ಕದಲ್ಲಿ ಸೋಬಾನೆ ಹೇಳಿದವರು. ಓರಗಿತ್ತಿ ತೀರಿಕೊಂಡು ಎರಡು ವರ್ಷವಾಗಿದ್ದಿತು. "ಅವ್ಳು ಹೋದ್ಮೇಲೆ ನಾ ಪದ ಹೇಳಿಲ್ಲ ಮಗ" ಎಂದರು.

ಈ ಸೀಮೆಯ ಹೆಂಗಸರು ಹಾಡುವುದೆನ್ನದೆ ಪದ ಹೇಳುವುದೆನ್ನುತ್ತಾರೆ. ಹೇಳುವುದೆಂದ ಮೇಲೆ ಕೇಳಿ ಮರುದನಿ ಕೊಡುವವರು ಬೇಕು. ಮುಂದಿನವಳು ಒಂದು ಸಾಲು ಎತ್ತುವಳು. ಅದರ ಕೊನೆಯ ಅಕ್ಷರ ನಿಲ್ಲುವ ಮುನ್ನವೇ ಹಿಂದಿನವಳು ಅದನ್ನು ಹಿಡಿದು ತಿರುಗಿಸುವಳು. ಆ ಹೊತ್ತಿನಲ್ಲಿ ಮುಂದಿನವಳಿಗೆ ಉಸಿರೂ ದೊರೆಯುವುದು, ಮುಂದಣ ಸಾಲಿನ ನೆನಪೂ ಮೂಡುವುದು. ಚಪ್ಪರ ಹಾಕುವಾಗ ಒಂದು ಪದ, ಅರಿಶಿನ ಹಚ್ಚುವಾಗ ಒಂದು, ಹಸೆಗೆ ಕರೆಯುವಾಗ ಒಂದು, ಬೀಗರನ್ನು ಹಾಸ್ಯಮಾಡುವುದಕ್ಕೆ ಹಲವು, ಹೆಣ್ಣೊಪ್ಪಿಸುವಾಗ ಎಲ್ಲರ ಕಣ್ಣಿನಲ್ಲಿ ನೀರು ತರಿಸುವುದೊಂದು, ಹೀಗೆ ರಾತ್ರಿಯೆಲ್ಲ ಹೇಳಿದರೂ ಮುಗಿಯದ ಪದಗಳನ್ನು ಕಾಗದವಿಲ್ಲದೆ ಕಾಪಾಡಿದ ಉಪಾಯವು ಈ ಎರಡು ಕೊರಳೇ. ಒಂದು ಕೊರಳು ಹೋದರೆ ಇನ್ನೊಂದಕ್ಕೆ ಉಸಿರು ಸಾಲದು, ನೆನಪೂ ಸಾಲದು. ಇದನ್ನು ನಾನು ಅಂದಿನವರೆಗೆ ಆಲೋಚಿಸಿರಲಿಲ್ಲ.

ಮಗಳು ಫೋನನ್ನು ಪಕ್ಕಕ್ಕಿಟ್ಟು, "ನಾನು ತಿರುಗಿಸಿ ಹೇಳಲೇ ಅಜ್ಜಿ?" ಎಂದಳು. ಅವಳು ಶಾಲೆಯಲ್ಲಿ ಸಂಗೀತ ಕಲಿತವಳು. ಆದರೆ ಮೊದಲ ಸಾಲಿನಲ್ಲಿಯೇ ತಪ್ಪಿದಳು. ದೊಡ್ಡಮ್ಮ ನಿಲ್ಲಿಸುವವರೆಗೆ ಮರ್ಯಾದೆಯಿಂದ ಕಾದಳು. "ಕಾಯಬ್ಯಾಡ ಕಣವ್ವ, ನನ್ ಬಾಲ ಹಿಡ್ಕೊ" ಎಂದು ದೊಡ್ಡಮ್ಮ ನಕ್ಕರು. ನಾಲ್ಕನೆಯ ಸಲಕ್ಕೆ ಸಾಲು ಸಾಲಿಗೆ ಕೂಡಿತು. ಒಳಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಸೊಸೆ ಕೈಯೊರಸಿಕೊಂಡು ಬಂದು ಕುಳಿತಳು. ನೆರೆಮನೆಯಿಂದ ಇಬ್ಬರು ಬಂದರು. ಅಂದು ರಾತ್ರಿ ಹದಿನಾಲ್ಕು ಪದಗಳಾದವು. ಕನ್ನಡದ ಪದವೊಂದರ ನಡುವೆ ತೆಲುಗಿನ ನುಡಿಯೊಂದು ನೆಂಟರಂತೆ ಬಂದು ಹೋಗುತ್ತಿದ್ದಿತು. ಎರಡು ಪದಗಳು ಮಾತ್ರ ಅರ್ಧದಲ್ಲಿ ನಿಂತವು. "ನಡುವಿನ ನುಡಿ ಅವಳ ಪಾಲಿಂದು ಮಗ. ನಂಗೆ ಗೊತ್ತಿಲ್ಲ" ಎಂದು ದೊಡ್ಡಮ್ಮ ದೀಪದ ಕಡೆಗೆ ನೋಡಿದರು.

ಮರಳಿ ಬರುವಾಗ ದೂರದ ಒಂದು ನಾಡಿನ ವೃತ್ತಾಂತವು ನನಗೆ ನೆನಪಾಯಿತು. ಉತ್ತರ ಅಟ್ಲಾಂಟಿಕ್ ಸಮುದ್ರದಲ್ಲಿ ಐಸ್‌ಲೆಂಡ್ ಎಂಬ ದ್ವೀಪವುಂಟು. ಅಲ್ಲಿನ ದೀರ್ಘವಾದ ಚಳಿಗಾಲದ ಸಂಜೆಗಳಲ್ಲಿ ಮನೆಯವರೆಲ್ಲ ಒಂದೆಡೆ ಕುಳಿತು ಉಣ್ಣೆ ನೂಲುತ್ತಿದ್ದರೆ ಒಬ್ಬನು ರೀಮುರ್ ಎಂಬ ವೀರಕಥೆಗಳನ್ನು ರಾಗವಾಗಿ ಹೇಳುತ್ತಿದ್ದನು. ಇಬ್ಬರು ಎರಡು ಸ್ವರಗಳಲ್ಲಿ ಜೊತೆಯಾಗಿ ಹಾಡುವ 'ತ್ವೀಸೋಂಗುರ್' ಎಂಬ ಪದ್ಧತಿಯೂ ಅಲ್ಲಿ ಇದ್ದಿತು. ಸಿಗ್ಲುಫ್ಯೋರ್ದುರ್ ಎಂಬ ಪುಟ್ಟ ಕಡಲೂರಿನ ಪಾದ್ರಿ ಬ್ಯಾರ್ನಿ ಥೋರ್ಸ್ಟೈನ್ಸನ್ (೧೮೬೧–೧೯೩೮) ಎಂಬಾತನು ಈ ಹಾಡುಗಳನ್ನು ಹಲವು ವರ್ಷ ಕಲೆಹಾಕಿ ೧೯೦೬ರಿಂದ ೧೯೦೯ರ ವರೆಗೆ ಅಚ್ಚು ಹಾಕಿಸಿದನು. ಆತನು ವಾಸವಾಗಿದ್ದ ಮನೆಯೇ ಈಗ ಜನಪದ ಸಂಗೀತದ ಕೇಂದ್ರ. ಬೇಸಗೆಯಲ್ಲಿ ಆ ಊರಿನಲ್ಲಿ ಜನಪದ ಸಂಗೀತದ ಉತ್ಸವವೂ ನಡೆಯುವುದು. ಬರೆದಿಟ್ಟುದರಿಂದ ಹಾಡು ಉಳಿಯಿತು. ಮತ್ತೆ ಹಾಡುವವರು ದೊರೆತುದರಿಂದ ಅದಕ್ಕೆ ಜೀವ ಬಂದಿತು.

ನಮ್ಮಲ್ಲಿಯೂ ಅಂಥವರಿಲ್ಲದೆ ಇಲ್ಲ. ೧೯೩೧ರಲ್ಲಿ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಹೊರತಂದರು. ಮಂಡ್ಯದ ಸೀಮೆಯ ಬಂಡಿಹೊಳೆಯಲ್ಲಿ ಅರ್ಚಕ ರಂಗಸ್ವಾಮಿ ಭಟ್ಟರು ತಾವು ಹುಟ್ಟಿದ ಹಳ್ಳಿಯ ಹಾಡುಗಳನ್ನೇ ಬರೆದಿಟ್ಟು ೧೯೩೩ರಲ್ಲಿ ಪುಸ್ತಕ ಮಾಡಿದರು. ಅಲ್ಲಿ ಪಾದ್ರಿ, ಇಲ್ಲಿ ಅರ್ಚಕರು. ಇಬ್ಬರೂ ತಮ್ಮ ಊರಿನ ಕೊರಳನ್ನು ಹತ್ತಿರದಿಂದ ಕೇಳಿದವರು. ನಮ್ಮ ಮನೆಗಳಲ್ಲಿ ಅಷ್ಟು ದೊಡ್ಡ ಕೆಲಸವಾಗದಿದ್ದರೂ ಚಿಂತೆಯಿಲ್ಲ. ಅಜ್ಜಿಯ ಮುಂದೆ ಯಂತ್ರವನ್ನಿಟ್ಟು ದೂರ ಕೂಡದೆ, ಹತ್ತಿರ ಕುಳಿತು ಒಂದು ಸಾಲನ್ನು ತಿರುಗಿಸಿ ಹೇಳಿದರೆ ಸಾಕು. ಅವರಿಗೆ ಮರೆತುಹೋದುದೆಂದು ನಾವು ತಿಳಿದುದರಲ್ಲಿ ಎಷ್ಟೋ ಪಾಲು ಮರಳಿ ಬರುವುದು.

ಮಾಘದಲ್ಲಿ ಮದುವೆಯಾಯಿತು. ದೊಡ್ಡಮ್ಮನವರು ಬಂದರು. ಛತ್ರದ ಹೊರಗೆ ವಾದ್ಯದವರ ಅಬ್ಬರ. ಒಳಗಿನ ಕೋಣೆಯಲ್ಲಿ ಅರಿಶಿನದ ಶಾಸ್ತ್ರ. ದೊಡ್ಡಮ್ಮ ಪದ ಎತ್ತಿದರು. ಹಸೆಯ ಮೇಲೆ ಕುಳಿತ ಮದುಮಗಳು ತನ್ನ ಪದವನ್ನು ತಾನೇ ಹೇಳುವುದು ಸಲ್ಲದು. ದೊಡ್ಡಮ್ಮನ ಸೊಸೆಯೂ ನಮ್ಮ ಮನೆಯಾಕೆಯೂ ಸಾಲು ತಿರುಗಿಸಿದರು. ಮನೆಯಾಕೆ ಆ ಹದಿನಾಲ್ಕನ್ನೂ ಒಂದು ತಿಂಗಳು ಅಡಿಗೆಯ ಮನೆಯಲ್ಲಿ ಫೋನಿನಿಂದ ಕೇಳಿ ಕಲಿತಿದ್ದಳು. ಮಗಳು ತಲೆ ತಗ್ಗಿಸಿ ಕುಳಿತಿದ್ದಳು. ಆದರೆ ಅವಳ ತುಟಿಗಳು ಅಲುಗುತ್ತಿದ್ದುದನ್ನು ನಾನು ಕಂಡೆನು.

ಅರ್ಧಕ್ಕೆ ನಿಂತ ಆ ಎರಡು ಪದಗಳು ಇನ್ನೂ ಅರ್ಧದಲ್ಲಿಯೇ ಇವೆ. ಓರಗಿತ್ತಿಯ ತವರು ದೇವನಹಳ್ಳಿಯ ಕಡೆಯದು. ಸುಮಾರು ೪,೦೦೦ ಎಕರೆಯಲ್ಲಿ ಕಟ್ಟಿ ೨೦೦೮ರಲ್ಲಿ ತೆರೆದ ವಿಮಾನ ನಿಲ್ದಾಣಕ್ಕೆ ಆ ಮನೆಯವರ ಹೊಲವೂ ಸೇರಿಹೋಯಿತು. ಮನೆಯವರು ನಾಲ್ಕು ಊರುಗಳಿಗೆ ಚೆದರಿದರು. ಆಕೆಯ ತಂಗಿಯೊಬ್ಬರು ಹೊಸಕೋಟೆಯಲ್ಲಿ ಮಗನ ಮನೆಯಲ್ಲಿರುವರೆಂದು ಈಚೆಗೆ ತಿಳಿದುಬಂದಿದೆ. ಬರುವ ಪುಷ್ಯದ ಹೊತ್ತಿಗೆ ದೊಡ್ಡಮ್ಮನವರನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕೆಂದು ನಿಶ್ಚಯಿಸಿದ್ದೇವೆ. "ನಾ ಮೊದಲ ಸೊಲ್ಲು ಬಿಡ್ತೀನಿ. ಅವ್ಳಕ್ಕನ ಪಾಲು ಅವ್ಳಿಗೆ ಬಂದಿದ್ರೆ ತಿರುಗಿಸ್ತಾಳೆ" ಎಂದು ದೊಡ್ಡಮ್ಮ ಕಾದು ಕುಳಿತಿದ್ದಾರೆ.