ಹುಳಿಯ ಹದ

ಬೋರ್ಷ್ ಎಂಬ ಬೀಟ್‌ರೂಟ್ ಸಾರು ಮಾಡುವ ಕೆಲಸ ನಮ್ಮ ಮನೆಯಲ್ಲಿ ಮೂರು ನಾಲ್ಕು ದಿನ ಮುಂಚೆಯೇ ಶುರುವಾಗುತ್ತದೆ. ಒಂದು ಕಿಲೋ ಬೀಟ್‌ರೂಟ್ ಸಿಪ್ಪೆ ತೆಗೆದು ದಪ್ಪದಪ್ಪ ಹೋಳು ಮಾಡಿ ಗಾಜಿನ ಜಾಡಿಗೆ ತುಂಬುತ್ತೇನೆ. ಕಾಯಿಸಿ ಆರಿಸಿದ 2 ಲೀಟರ್ ನೀರಿಗೆ, ಲೀಟರಿಗೆ 20 ಗ್ರಾಂ ಲೆಕ್ಕದಲ್ಲಿ ಉಪ್ಪು ಕರಗಿಸಿ ಮೇಲೆ ಸುರಿಯುತ್ತೇನೆ. ಬಾಯಿಗೆ ತೆಳು ಬಟ್ಟೆ ಕಟ್ಟಿ ಬಿಟ್ಟರಾಯಿತು. ಉಕ್ರೇನಿನ ಪೊಲ್ತಾವಾದ ಚಳಿಯಲ್ಲಿ ಒಲೆಯ ಪಕ್ಕ ಇಟ್ಟರೂ ವಾರ ಹಿಡಿಯುವ ಈ ಕೆಲಸ ದಾವಣಗೆರೆಯ ಸೆಕೆಯಲ್ಲಿ ಬೇಗ ಮುಗಿಯುತ್ತದೆ. ಮೇಲೆ ಬಿಳಿ ಪೊರೆ ಕಟ್ಟಿದರೆ ತೆಗೆದುಹಾಕಬೇಕು, ದಿನಕ್ಕೊಮ್ಮೆ ರುಚಿ ನೋಡಬೇಕು. ನಾಲಗೆಯ ಅಂಚು ಚುರುಕ್ ಎಂದ ದಿನ ಅದು ಬುರ್ಯಾಕೊವಿ ಕ್ವಾಸ್ ಆಯಿತು ಎಂದು ಅರ್ಥ. ಉಳಿದ ಹೋಳುಗಳಿಗೆ ಇನ್ನೊಮ್ಮೆ ಉಪ್ಪುನೀರು ಹಾಕಬಹುದು. ಎರಡನೆಯ ಸಲದ್ದು ತೆಳುವಾಗಿರುತ್ತದೆ, ತಣ್ಣಗೆ ಕುಡಿಯಲು ಚೆನ್ನ.

ವಿನಿಗರ್ ಹಾಕಿಯೂ ಬೋರ್ಷ್ ಮಾಡುತ್ತಾರೆ, ಟೊಮೆಟೊ ಒಂದರಿಂದಲೇ ಹುಳಿ ತರುವವರೂ ಇದ್ದಾರೆ. ಆದರೆ ತಾನಾಗಿ ಹುದುಗಿ ಬಂದ ಹುಳಿಗೆ ಇರುವ ಮೃದುತ್ವ ಬಾಟಲಿಯ ಹುಳಿಗೆ ಬಾರದು. ಬೋರ್ಷ್‌ನ ಜೀವ ಇರುವುದು ಈ ಹುಳಿಯಲ್ಲಿ, ಅದು ಯಾವ ಗಳಿಗೆಯಲ್ಲಿ ಪಾತ್ರೆಗೆ ಬೀಳುತ್ತದೆ ಎನ್ನುವುದರಲ್ಲಿ ಎಂದು ನಾನು ನಂಬಿದ್ದೇನೆ.

ಇದನ್ನು ಕಲಿಸಿದವರು ಪೊಲ್ತಾವಾದಲ್ಲಿ ನಾನಿದ್ದ ಬಾಡಿಗೆ ಮನೆಯ ಒಡತಿ. ವೈದ್ಯಕೀಯ ಓದಲೆಂದು ಕರ್ನಾಟಕದಿಂದ ಉಕ್ರೇನಿಗೆ ಹೋದ ಮಕ್ಕಳಲ್ಲಿ ನಾನೂ ಒಬ್ಬ. ಆ ಒಡತಿಯನ್ನು ಎಲ್ಲರೂ ಬಾಬುಸ್ಯಾ, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ನಾನು ಮಾಂಸ ತಿನ್ನುವುದಿಲ್ಲ ಎಂದಾಗ ಅವರಿಗೆ ಒಂದಿಷ್ಟೂ ಪೇಚಾಟವಾಗಲಿಲ್ಲ. "ಹಾಗಾದರೆ ನಿನಗೆ ವರ್ಷವೆಲ್ಲ ಉಪವಾಸದ ಬೋರ್ಷ್" ಎಂದರು. ಹಂದಿ ಮಾಂಸ, ದನದ ಮೂಳೆ, ಬಾತುಕೋಳಿ ಹೀಗೆ ಏನೇನೋ ಬೇಯಿಸಿದ ರಸದಲ್ಲಿ ಮಾಡುವ ಬೋರ್ಷ್ ಅಲ್ಲಿ ಮಾಮೂಲು. ಆದರೆ ಚರ್ಚಿನ ಉಪವಾಸದ ದಿನಗಳಿಗೆಂದೇ ಪಿಸ್ನಿ ಬೋರ್ಷ್ ಇದೆ. ಕ್ರಿಸ್‌ಮಸ್ ಮುನ್ನಾದಿನದ ರಾತ್ರಿ ಮಾಂಸವಿಲ್ಲದ 12 ಬಗೆಯ ಅಡುಗೆ ಮೇಜಿಗೆ ಬರುವಾಗ ಅದರಲ್ಲಿ ಬೋರ್ಷ್ ಇರಲೇಬೇಕು. ಅಂದಿನ ಬೋರ್ಷ್‌ಗೆ ಒಣ ಅಣಬೆಯೇ ಮಾಂಸದ ಜಾಗ ತುಂಬುತ್ತದೆ. ಪಶ್ಚಿಮದ ಕಡೆ ಅದನ್ನು ಸೋಸಿ, ತಿಳಿರಸದಲ್ಲಿ ಅಣಬೆ ತುಂಬಿದ ಪುಟ್ಟ ಕಡುಬುಗಳನ್ನು ತೇಲಿಬಿಡುತ್ತಾರೆ. ನಾನು ಇವತ್ತಿಗೂ ಮಾಡುವುದು ಬಾಬುಸ್ಯಾರ ಗಟ್ಟಿ ಬೋರ್ಷ್.

ರಾತ್ರಿ ನೆನೆಸಿದ ಬಿಳಿ ಬೀನ್ಸ್ ಕಾಳು ಮೊದಲು ಬೇಯಬೇಕು. ಒಣ ಅಣಬೆ ನೆನೆಸಿದ ನೀರನ್ನು ಚೆಲ್ಲುವುದು ಪಾಪ. ಬಟ್ಟೆಯಲ್ಲಿ ಸೋಸಿ ಅದನ್ನೇ ರಸಕ್ಕೆ ಸೇರಿಸುತ್ತೇನೆ. ಆಮೇಲೆ ಆಲೂಗಡ್ಡೆ. ಕಾಳೂ ಆಲೂಗಡ್ಡೆಯೂ ಪೂರ್ತಿ ಬೆಂದ ಮೇಲೆಯೇ ಹುಳಿಯ ಮಾತು. ನಮ್ಮಲ್ಲಿ ಬೇಳೆ ಬೇಯುವ ಮುಂಚೆ ಹುಣಸೆಹುಳಿ ಹಾಕದ ಹಾಗೆಯೇ ಇದು. ತರಕಾರಿಯನ್ನು ಬಿಗಿಯಾಗಿ ಹಿಡಿದಿಡುವ ಪೆಕ್ಟಿನ್ ಹುಳಿಯಲ್ಲಿ ಸುಲಭಕ್ಕೆ ಸಡಿಲವಾಗದು. ಅವಸರಪಟ್ಟು ಕ್ವಾಸ್ ಸುರಿದರೆ ಆಲೂಗಡ್ಡೆ ಎಷ್ಟು ಹೊತ್ತು ಕುದಿದರೂ ಹಲ್ಲಿಗೆ ಸಿಗುತ್ತಲೇ ಇರುತ್ತದೆ.

ಇತ್ತ ಬಾಣಲೆಯಲ್ಲಿ ಸೂರ್ಯಕಾಂತಿ ಎಣ್ಣೆ. ಬೇಸಿಗೆಯಲ್ಲಿ ಪೊಲ್ತಾವಾದಿಂದ ಯಾವ ದಿಕ್ಕಿಗೆ ಬಸ್ಸು ಹತ್ತಿದರೂ ಕಿಟಕಿಯಾಚೆ ಸೂರ್ಯಕಾಂತಿ ಹೊಲವೇ, ಹಾಗಾಗಿ ನನಗೆ ಬೇರೆ ಎಣ್ಣೆ ಒಗ್ಗದು. ಈರುಳ್ಳಿ, ಕ್ಯಾರೆಟ್ ಬಾಡಿಸಿ, ಟೊಮೆಟೊ ಹಾಕಿ ಮುದ್ದೆಯಾಗುವವರೆಗೆ ಕೈಯಾಡಿಸಿದರೆ ಅದು ಝಸ್ಮಾಝ್ಕಾ. ಬೀಟ್‌ರೂಟನ್ನು ಕಡ್ಡಿಯ ಹಾಗೆ ತೆಳ್ಳಗೆ ಹೆಚ್ಚಿ ಬೇರೆ ಬಾಣಲೆಯಲ್ಲಿ, ಎರಡು ಚಮಚ ಕ್ವಾಸ್ ಚಿಮುಕಿಸಿ, ಮುಚ್ಚಿ ಬೇಯಿಸುತ್ತೇನೆ. ಇಲ್ಲಿ ಮಾತ್ರ ಹುಳಿ ಮೊದಲೇ ಬರುತ್ತದೆ, ಅದಕ್ಕೂ ಕಾರಣವಿದೆ. ಬೀಟ್‌ರೂಟಿನ ಕೆಂಪು ಬೆಟನಿನ್ ಎಂಬ ವರ್ಣದ್ರವ್ಯದ್ದು. ಬರೀ ನೀರಿನಲ್ಲಿ ಬಹಳ ಹೊತ್ತು ಕುದಿಸಿದರೆ ಅದು ಒಡೆದು ಕಂದಿ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ; ಹುಳಿ ಜೊತೆಗಿದ್ದರೆ ತಾಳಿಕೊಳ್ಳುತ್ತದೆ. ಬೀಟ್‌ರೂಟ್ ಎಂದರೆ ಮುಖ ತಿರುಗಿಸುವವರು ದೂರುವ ಆ ಮಣ್ಣಿನ ವಾಸನೆ ಜಿಯೋಸ್ಮಿನ್‌ನದು, ಅದನ್ನೂ ಹುಳಿಯೇ ತಗ್ಗಿಸುತ್ತದೆ. ವೈದ್ಯಕೀಯ ಓದುವಾಗ ನಾವು ಪುಸ್ತಕದಿಂದ ಕಲಿತ ಆಮ್ಲದ ಪಾಠವನ್ನು ಬಾಬುಸ್ಯಾ ಮಾತಿಲ್ಲದೆ ಕೈಯಲ್ಲಿ ಮಾಡಿ ತೋರಿಸುತ್ತಿದ್ದರು.

ಕೊನೆಗೆ ಎಲೆಕೋಸು, ಬೀಟ್‌ರೂಟ್, ಝಸ್ಮಾಝ್ಕಾ ಒಂದರ ಹಿಂದೊಂದು ಪಾತ್ರೆಗೆ ಇಳಿಯುತ್ತವೆ. ಅದರ ಜೊತೆ ಒಂದು ಹಿಡಿ ಒಣ ಪ್ಲಮ್ ಹಣ್ಣು, ಪೊಲ್ತಾವಾ ಕಡೆಯ ರೂಢಿ. ಅಲ್ಲಿ ಅದಕ್ಕೆ ಹೊಗೆ ಹಿಡಿಸಿರುತ್ತಾರೆ, ನನಗೆ ಇಲ್ಲಿ ಸಿಗುವುದು ಬರೀ ಒಣಗಿಸಿದ್ದು. ಎಲೆಕೋಸು ಇನ್ನೂ ಕರುಂ ಎನ್ನುವಾಗಲೇ ಕ್ವಾಸ್ ಹೊಯ್ದು, ಪಾತ್ರೆಯ ಅಂಚಿನಲ್ಲಿ ಗುಳ್ಳೆ ಎದ್ದ ಕೂಡಲೇ ಒಲೆ ಆರಿಸಬೇಕು. "ಈಗ ಕುದಿಸಿದರೆ ಕೊಂದಂತೆ" ಎಂದು ಬಾಬುಸ್ಯಾ ಸೌಟು ಎತ್ತಿ ಹೇಳುತ್ತಿದ್ದರು. ಆ ಗಳಿಗೆಯಲ್ಲಿ ಮಸುಕಾಗಿದ್ದ ರಸ ಒಮ್ಮೆಲೇ ಕೆಂಪಗೆ ಕಳೆಗಟ್ಟುವುದನ್ನು ನೋಡುವ ಸುಖಕ್ಕಾಗಿ ನಾನು ಯಾರಿಗೂ ಸೌಟು ಬಿಟ್ಟುಕೊಡುವುದಿಲ್ಲ.

ಪೊಲ್ತಾವಾ ಊಟದ ಮೇಲೆ ಅಭಿಮಾನ ಇಟ್ಟ ಊರು. ಬೋರ್ಷ್‌ಗೂ ಹಾಕುವ ಹಲುಶ್ಕಿ ಎಂಬ ಹಿಟ್ಟಿನ ತುಂಡುಗಳಿಗೆ 2006ರಲ್ಲಿ ಸ್ಮಾರಕವನ್ನೇ ಕಟ್ಟಿದ್ದಾರೆ, ಬಟ್ಟಲು ಚಮಚ ಸಮೇತ. 1798ರಲ್ಲಿ ಅಚ್ಚಾದ 'ಎನೆಯಿದಾ' ಕಾವ್ಯದ ಕೊಟ್ಲ್ಯಾರೆವ್ಸ್ಕಿ ಈ ಊರಿನವನು. ಅವನ ವೀರರು ಯುದ್ಧಕ್ಕೆ ಸಮನಾಗಿ ಉಣ್ಣುತ್ತಾರೆ. ಅದೇ ಪ್ರಾಂತ್ಯದ ಒಪಿಶ್ನ್ಯಾ ಕುಂಬಾರರ ಊರು, ಬಾಬುಸ್ಯಾರ ಮಣ್ಣಿನ ಪಾತ್ರೆಗಳೆಲ್ಲ ಅಲ್ಲಿಯವೇ. ಬೇರೆ ಕಡೆ ಬೋರ್ಷ್‌ಗೆ ಸೇಬು ಬೀಳುತ್ತದೆ, ಕಪ್ಪು ಸಮುದ್ರದ ದಂಡೆಯಲ್ಲಿ ಮೀನು ಬೀಳುತ್ತದೆ. ಉಕ್ರೇನಿನಲ್ಲಿ ಯುದ್ಧ ಶುರುವಾದ ಮೇಲೆ, 2022ರ ಜುಲೈ 1ರಂದು, ಯುನೆಸ್ಕೋ ಉಕ್ರೇನಿನ ಬೋರ್ಷ್ ಮಾಡುವ ಸಂಸ್ಕೃತಿಯನ್ನು ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಅದಕ್ಕಾಗಿ ಓಡಾಡಿದವರಲ್ಲಿ ಮುಂದಿದ್ದವರು ಬಾಣಸಿಗ ಯೆವ್ಹೆನ್ ಕ್ಲೊಪೊಟೆಂಕೊ. ಜನ ಮನೆಮಠ ಬಿಟ್ಟು ಹೋದರೆ ತರಕಾರಿ ಬೆಳೆಯುವವರಿಲ್ಲ, ಒಟ್ಟಿಗೆ ಕೂತು ಉಣ್ಣುವವರಿಲ್ಲ ಎಂಬ ಆತಂಕ ಆ ತೀರ್ಮಾನದ ಹಿಂದಿತ್ತು. ಆ ಸುದ್ದಿ ಓದಿದ ದಿನ ಸಂಜೆಯೇ ನಾನು ಬೀಟ್‌ರೂಟ್ ತರಲು ಮಾರುಕಟ್ಟೆಗೆ ಹೋದೆ.

ಒಲೆ ಆರಿದ ಮೇಲೆ ಬೆಳ್ಳುಳ್ಳಿ. ಉಪ್ಪಿನ ಜೊತೆ ಕಲ್ಲಿನಲ್ಲಿ ಜಜ್ಜಿ, ಸಬ್ಬಸಿಗೆ ಸೊಪ್ಪಿನೊಂದಿಗೆ ಹಾಕಿ, ಮುಚ್ಚಿ ಅರ್ಧ ಗಂಟೆ ಮುಟ್ಟದೆ ಬಿಡುತ್ತೇನೆ. ಮರುದಿನದ ಬೋರ್ಷ್‌ಗೆ ರುಚಿ ಇನ್ನೂ ಹೆಚ್ಚು, ಅದಕ್ಕೇ ಪಾತ್ರೆ ಯಾವಾಗಲೂ ದೊಡ್ಡದು. ಜೊತೆಗೆ ಬೆಳ್ಳುಳ್ಳಿ ಎಣ್ಣೆ ಸವರಿದ ಪಂಪುಶ್ಕಿ ಬನ್ನು ಇದ್ದರೆ ಬಟ್ಟಲು ಒರೆಸಲು ಅನುಕೂಲ. ಮೇಲೆ ಹಾಕುವ ಹುಳಿಕೆನೆ ಸ್ಮೆಟಾನಾ ಇಲ್ಲಿ ಸಿಗುವುದಿಲ್ಲ; ಕೆನೆಗೆ ಹೆಪ್ಪು ಹಾಕಿ ಬಟ್ಟೆಯಲ್ಲಿ ನೀರು ಬಸಿದು ಇಟ್ಟುಕೊಳ್ಳುತ್ತೇನೆ. ಅದನ್ನು ಬಟ್ಟಲಿಗೆ ಹಾಕಿದ ಕೂಡಲೇ ಕಲಸಿ ಗುಲಾಬಿ ಬಣ್ಣ ಮಾಡಿಕೊಳ್ಳುವವರು ಬಹಳ ಜನ. ನಾನು ಕಲಸುವುದಿಲ್ಲ. ಅಂಚಿನಿಂದ ಶುರುಮಾಡಿ ಮೊದಲ ಕೆಲವು ಚಮಚ ಬರೀ ಹುಳಿ ತಗೊಳ್ಳುತ್ತೇನೆ, ಆಮೇಲೆ ನಡುವಿನ ಕೆನೆಗೆ ಕೈ ಹಾಕುತ್ತೇನೆ.